19:19:19 ಪುಡಿಗೊಬ್ಬರ: ಒಂದು ಚಮಚವೆಂದರೆ ಎಷ್ಟು ಗ್ರಾಂ, ಚಟ್ಟಿಯ ಮಲ್ಲಿಗೆಗೆ ಎಷ್ಟು ಕೊಡಬೇಕು?

ತಾರಸಿ ಮಲ್ಲಿಗೆ, ಉಡುಪಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತಾರಸಿಯಲ್ಲಿ ಶಂಕರಪುರದಿಂದ ತಂದ ಆರು ಮಲ್ಲಿಗೆ ಗಿಡಗಳನ್ನು ಹನ್ನೆರಡು ಇಂಚಿನ ಚಟ್ಟಿಗಳಲ್ಲಿ ಬೆಳೆಸುತ್ತಿದ್ದೇನೆ. ಕೆಂಪು ಮಣ್ಣು, ಸುಡುಮಣ್ಣು ಮತ್ತು ಒಣಗಿದ ಹಟ್ಟಿಗೊಬ್ಬರವನ್ನು ಸಮನಾಗಿ ಬೆರೆಸಿ ತುಂಬಿಸಿದ್ದೆ. ಮೊದಲ ವರ್ಷ ಗಿಡಗಳು ಚೆನ್ನಾಗಿಯೇ ಬಂದವು. ಈ ಬಾರಿ ಮೊಗ್ಗು ಕಡಿಮೆಯೆನಿಸಿದ್ದರಿಂದ ನೀರಿನಲ್ಲಿ ಕರಗುವ 19:19:19 ಪುಡಿಯ ಒಂದು ಕಿಲೋ ಪೊಟ್ಟಣವನ್ನು ಬಳಸಲಾರಂಭಿಸಿದೆ. ಪೊಟ್ಟಣದ ಮೇಲೆ ಲೀಟರ್ ನೀರಿಗೆ 5 ಗ್ರಾಂ ಎಂದು ಮುದ್ರಿಸಿದ್ದರು. ಒಂದು ಚಮಚವೆಂದರೆ 5 ಗ್ರಾಂ ಎಂದು ಎಲ್ಲೋ ಕೇಳಿದ್ದ ನೆನಪಿನಲ್ಲಿ, ಲೀಟರಿಗೆ ಒಂದು ಚಮಚ ಪುಡಿಯನ್ನು ಕರಗಿಸಿ, ವಾರಕ್ಕೊಮ್ಮೆ ಪ್ರತಿ ಚಟ್ಟಿಗೆ ಒಂದೊಂದು ಲೀಟರ್ ಹೊಯ್ದೆ. ಮೂರನೆಯ ವಾರ ಕಳೆಯುವಷ್ಟರಲ್ಲಿ ಎಲೆಗಳ ಅಂಚು ಕಂದಾಗಿ ಒಣಗಿತು. ಚಟ್ಟಿಯ ಕಂಠದಲ್ಲಿ ಬಿಳಿಯ ಉಪ್ಪಿನಂತಹ ಪದರವೂ ಕಾಣಿಸಿತು. ಮಾರಿದ ಅಂಗಡಿಯವರನ್ನು ಕೇಳಿದಾಗ, ಗೊಬ್ಬರ ಸಾಲದೆ ಹಾಗಾಗಿದೆ, ಇನ್ನೊಂದು ಚಮಚ ಹೆಚ್ಚಿಸಿ ಎಂದರು. ನನಗೇಕೋ ಧೈರ್ಯ ಬರಲಿಲ್ಲ. ತಪ್ಪು ಅಳತೆಯಲ್ಲಿದೆಯೋ, ಗೊಬ್ಬರದಲ್ಲಿದೆಯೋ ಎಂದು ತಿಳಿದವರು ದಯವಿಟ್ಟು ತಿಳಿಸಿ.

ಕಟಪಾಡಿಯ ಕೃಷಿಕ

ಇನ್ನೊಂದು ಚಮಚ ಹೆಚ್ಚಿಸದೇ ಇದ್ದದ್ದು ಒಳ್ಳೆಯದಾಯಿತು. ನೀವು ವರ್ಣಿಸಿದ ಎರಡೂ ಲಕ್ಷಣಗಳು, ಅಂದರೆ ಸುಟ್ಟ ಅಂಚು ಮತ್ತು ಕಂಠದ ಬಿಳಿ ಪದರ, ಮಣ್ಣಿನಲ್ಲಿ ಉಪ್ಪಿನಂಶ ಮಿತಿಮೀರಿದಾಗ ಕಾಣುವಂಥವು. ಗೊಬ್ಬರ ಸಾಲದಿದ್ದರೆ ಎಲೆ ತಿಳಿಹಸಿರಾಗಿ ಹಳದಿಗೆ ತಿರುಗುತ್ತದೆ, ಹೊಸ ಚಿಗುರು ಸಣ್ಣದಾಗುತ್ತದೆ. ಚಟ್ಟಿಯ ಬಾಯಿಗೆ ಉಪ್ಪು ಕಟ್ಟುವುದಿಲ್ಲ.

ಮೊದಲು ಗಿಡಗಳನ್ನು ಉಳಿಸಿಕೊಳ್ಳಿ. ಚಟ್ಟಿಯ ಕೆಳಗಿನ ತಟ್ಟೆಯನ್ನು ತೆಗೆದು, ತೂತು ಮುಚ್ಚಿಲ್ಲವೆಂದು ನೋಡಿಕೊಂಡು, ಬರಿಯ ಬಾವಿ ನೀರನ್ನು ನಿಧಾನವಾಗಿ, ಚಟ್ಟಿಯ ಗಾತ್ರದ ಎರಡು ಮೂರು ಪಟ್ಟು, ಕೆಳಗಿನಿಂದ ಧಾರಾಳವಾಗಿ ಹರಿದುಹೋಗುವಂತೆ ಹೊಯ್ಯಿರಿ. ಬಿಳಿ ಪದರವನ್ನು ಮೇಲುಮಣ್ಣಿನೊಂದಿಗೆ ಕೆರೆದು ತೆಗೆಯಿರಿ. ಮುಂದಿನ ಮೂರು ನಾಲ್ಕು ವಾರ ಯಾವ ಗೊಬ್ಬರವೂ ಬೇಡ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸದಾಗಿ ಬರುವ ಎಲೆಯನ್ನು ನೋಡಿ ನಿರ್ಧರಿಸಿ.

ಇನ್ನು ಅಳತೆಯ ಮಾತು. ಪೊಟ್ಟಣದಲ್ಲಿರುವುದು ತೂಕದ ಲೆಕ್ಕ, ನಿಮ್ಮ ಕೈಯಲ್ಲಿರುವುದು ಗಾತ್ರದ ಅಳತೆ. ಔಷಧದ ಚಮಚದಲ್ಲಿ 5 ಮಿಲಿಲೀಟರ್ ನೀರು ಹಿಡಿಯುವುದರಿಂದ ಅದು 5 ಗ್ರಾಂ ತೂಗುತ್ತದೆ, ಆದರೆ ಅದು ನೀರಿನ ಮಾತು. ಪುಡಿ ಹರಳುಹರಳಾಗಿದೆಯೋ ನಯವಾಗಿದೆಯೋ, ಸಡಿಲವಾಗಿದೆಯೋ ಅದುಮಿದೆಯೋ ಎಂಬುದರ ಮೇಲೆ ಅದೇ ಚಮಚದ ತೂಕ ಬದಲಾಗುತ್ತದೆ. ಅಡುಗೆಮನೆಯ ಚಮಚಗಳಂತೂ ಒಂದರಂತೆ ಒಂದಿರುವುದಿಲ್ಲ. ಅದಕ್ಕಿಂತಲೂ ದೊಡ್ಡ ವ್ಯತ್ಯಾಸ ಬರುವುದು ಚಮಚವನ್ನು ಮಟ್ಟಸವಾಗಿ ತುಂಬಿದಿರೋ, ಗೋಪುರದಂತೆ ತುಂಬಿದಿರೋ ಎಂಬಲ್ಲಿ. ಆದ್ದರಿಂದ ಒಂದು ಚಮಚವನ್ನು ತೂಗಲು ಹೋಗಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಗಳು ಸಾಮಾನ್ಯವಾಗಿ ಒಂದು ಗ್ರಾಮಿಗಿಂತ ಸೂಕ್ಷ್ಮವಾಗಿ ತೋರಿಸುವುದಿಲ್ಲ. 5 ಗ್ರಾಂ ತೂಗುವಾಗ ಒಂದು ಗ್ರಾಂ ತಪ್ಪಿದರೆ ಐದನೆಯ ಒಂದು ಪಾಲು ತಪ್ಪಿದಂತೆ. ಒಂದೇ ಚಮಚದಲ್ಲಿ ಹತ್ತು ಸಲ, ಚೂರಿಯ ಬೆನ್ನಿನಿಂದ ಮಟ್ಟ ಮಾಡಿ, ಕಾಗದದ ಮೇಲೆ ಹಾಕಿ ಒಟ್ಟಾಗಿ ತೂಗಿ ಹತ್ತರಿಂದ ಭಾಗಿಸಿ. ಆ ಅಂಕಿಯನ್ನು ಪೊಟ್ಟಣದ ಮೇಲೆಯೇ ಬರೆದಿಟ್ಟು, ಆ ಚಮಚವನ್ನು ಗೊಬ್ಬರಕ್ಕೇ ಮೀಸಲಿಡಿ. ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ನಮ್ಮ ಕಡೆಯವರ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಮಲ್ಲಿಗೆಯನ್ನು ನಾವು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕವಿಟ್ಟು ಮಾರುತ್ತೇವೆ. ಅದೇ ಗಿಡದ ಬುಡಕ್ಕೆ ಗೊಬ್ಬರ ಹಾಕುವಾಗ ಮಾತ್ರ ಕೈಗೆ ಬಂದಷ್ಟು ಎನ್ನುತ್ತೇವೆ. ನಾನೂ ಹಾಗೆಯೇ ಇದ್ದವನು. ನೆಲಗಡಲೆ ಹಿಂಡಿ ನೆನೆಸಿದ ನೀರಿನಲ್ಲಿ ಅದು ನಡೆಯುತ್ತಿತ್ತು, ಏಕೆಂದರೆ ಹಿಂಡಿಯಲ್ಲಿ ಸಾರಜನಕ ನೂರಕ್ಕೆ ಸುಮಾರು 7 ಮಾತ್ರ, ಅದೂ ಕೊಳೆತು ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಈ ಪುಡಿ ಹಾಗಲ್ಲ. ಹೊಯ್ದ ಕ್ಷಣದಲ್ಲಿಯೇ ಪೂರ್ತಿಯಾಗಿ ಬೇರಿನ ಎದುರಿಗಿರುತ್ತದೆ.

ಸುರತ್ಕಲ್ಲಿನ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ಮೇಲಿನವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಚಮಚದ ತಪ್ಪು ಸರಿಹೋದರೂ ಇನ್ನೊಂದು ತಪ್ಪು ಉಳಿಯುತ್ತದೆ. ಲೀಟರಿಗೆ 5 ಗ್ರಾಂ ಎಂಬುದು ಸಾಮಾನ್ಯವಾಗಿ ಎಲೆಗಳ ಮೇಲೆ ಸಿಂಪಡಿಸುವ ಪ್ರಮಾಣ. ನಿಮ್ಮ ಪೊಟ್ಟಣವನ್ನು ಇನ್ನೊಮ್ಮೆ ಓದಿ ನೋಡಿ, ಸಿಂಪರಣೆ ಎಂಬ ಪದ ಸಣ್ಣ ಅಕ್ಷರದಲ್ಲಿ ಅಲ್ಲೇ ಇರಬಹುದು. ಸಿಂಪಡಿಸಿದಾಗ ಒಂದು ಲೀಟರ್ ದ್ರಾವಣ ಎಷ್ಟೋ ಗಿಡಗಳಿಗೆ ಹಂಚಿಹೋಗಿ ಎಲೆಯ ಮೇಲೆ ತೆಳುವಾದ ಪದರವಾಗಿ ಉಳಿಯುತ್ತದೆ. ನೀವು ಅದೇ ಲೀಟರನ್ನು ಒಂದೇ ಚಟ್ಟಿಯ ಬೇರಿಗೆ ಕುಡಿಸಿದ್ದೀರಿ.

19:19:19 ಎಂದರೆ ನೂರು ಗ್ರಾಂ ಪುಡಿಯಲ್ಲಿ 19 ಗ್ರಾಂ ಸಾರಜನಕ ಇದೆಯೆಂದು ಅರ್ಥ. ಉಳಿದೆರಡು ಅಂಕಿಗಳು ರಂಜಕ ಮತ್ತು ಪೊಟ್ಯಾಸಿಯಂ ಧಾತುಗಳ ನೇರ ತೂಕವಲ್ಲ, ಅವುಗಳ ಆಕ್ಸೈಡಿನ ಲೆಕ್ಕ, ರಂಜಕವನ್ನು 0.44ರಿಂದಲೂ ಪೊಟ್ಯಾಸಿಯಮನ್ನು 0.83ರಿಂದಲೂ ಗುಣಿಸಿದರೆ ಧಾತುವಿನ ತೂಕ ಸಿಗುತ್ತದೆ. ನಿಮ್ಮ ಕೆಲಸಕ್ಕೆ ಸಾರಜನಕವೊಂದನ್ನು ನೋಡಿದರೆ ಸಾಕು. ಲೀಟರಿಗೆ ಒಂದು ಗ್ರಾಂ ಹಾಕಿದರೆ 190 ಮಿಲಿಗ್ರಾಂ ಸಾರಜನಕವಾಯಿತು. ಚಟ್ಟಿಯ ಗಿಡಗಳಿಗೆ ಮಣ್ಣಿನ ಮೂಲಕ ಕೊಡುವಾಗ ಲೀಟರಿಗೆ 100ರಿಂದ 200 ಮಿಲಿಗ್ರಾಂ ಎಂಬುದು ನೆಮ್ಮದಿಯ ಮಿತಿ. ನೀವು ಚಮಚವನ್ನು ಸರಿಯಾಗಿ ಅಳೆದು 5 ಗ್ರಾಂ ಹಾಕಿದ್ದರೂ ಅದು 950 ಆಗುತ್ತಿತ್ತು. ಆದ್ದರಿಂದ ಗಿಡಗಳು ಚೇತರಿಸಿಕೊಂಡ ಬಳಿಕ ಲೀಟರಿಗೆ ಒಂದು ಗ್ರಾಮಿನಂತೆ, ವಾರಕ್ಕೊಮ್ಮೆ ಚಟ್ಟಿಗೆ ಅರ್ಧ ಲೀಟರ್ ಕೊಟ್ಟು ನೋಡಿ. ಮಣ್ಣು ಒಣಗಿರುವಾಗ ಕೊಡಬೇಡಿ. ಹಿಂದಿನ ಸಂಜೆ ಬರಿಯ ನೀರು ಕೊಟ್ಟು, ಮರುದಿನ ಬೆಳಗ್ಗೆ ದ್ರಾವಣವನ್ನು ಕೊಡಿ.

ಪ್ರತಿ ವಾರ ಒಂದೆರಡು ಗ್ರಾಂ ತೂಗುವ ತೊಂದರೆಯನ್ನು ತಪ್ಪಿಸಲು ನಾನು ಗಟ್ಟಿ ದ್ರಾವಣವನ್ನು ಮಾಡಿಡುತ್ತೇನೆ. 100 ಗ್ರಾಂ ಪುಡಿಯನ್ನು ತೂಗಿ, ಮುಕ್ಕಾಲು ಲೀಟರ್ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಕಲಕಿ, ಎಲ್ಲವೂ ಕರಗಿದ ಮೇಲೆ ಒಂದು ಲೀಟರಿನ ಗುರುತಿನವರೆಗೆ ನೀರು ತುಂಬಿಸುತ್ತೇನೆ. ಒಂದು ಲೀಟರ್ ನೀರಿಗೆ 100 ಗ್ರಾಂ ಹಾಕಿದರೆ ಒಟ್ಟು ಗಾತ್ರ ಒಂದು ಲೀಟರನ್ನು ಮೀರುತ್ತದೆ, ಲೆಕ್ಕ ತಪ್ಪುತ್ತದೆ. ಕರಗಿಸುವಾಗ ಪಾತ್ರೆ ತಣ್ಣಗಾದರೆ ಗಾಬರಿಯಾಗಬೇಡಿ. ಪುಡಿಯಲ್ಲಿರುವ ಯೂರಿಯಾ ಕರಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ನೀರು ತಣ್ಣಗಾದಷ್ಟೂ ಕರಗುವುದು ನಿಧಾನವಾಗುತ್ತದೆ, ಹತ್ತು ನಿಮಿಷ ಬಿಟ್ಟು ಮತ್ತೆ ಕಲಕಿದರೆ ಸರಿಹೋಗುತ್ತದೆ. ಈ ದ್ರಾವಣದ 10 ಮಿಲಿಲೀಟರಿನಲ್ಲಿ ಒಂದು ಗ್ರಾಂ ಗೊಬ್ಬರವಿರುತ್ತದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ 10 ಮಿಲಿಲೀಟರ್ ಎಳೆದು ಲೀಟರ್ ನೀರಿಗೆ ಬೆರೆಸಿದರೆ ಆಯಿತು. ತಾಮ್ರ, ಹಿತ್ತಾಳೆಯ ಪಾತ್ರೆ ಬೇಡ, ಪ್ಲಾಸ್ಟಿಕ್ ಸಾಕು. ತಂಪು ಪಾನೀಯದ ಬಾಟಲಿಯಲ್ಲಿ ಮಾತ್ರ ಎಂದಿಗೂ ತುಂಬಿಸಿಡಬೇಡಿ, ಮನೆಯಲ್ಲಿ ಮಕ್ಕಳಿದ್ದರೆ ಹೇಳುವುದೇ ಬೇಡ.

ಈ ಬಾಟಲಿಗೆ ಕ್ಯಾಲ್ಸಿಯಂ ನೈಟ್ರೇಟನ್ನು ಸೇರಿಸುವ ಆಸೆ ಬಂದೀತು. ಸೇರಿಸಿದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಂದಾಗಿ ಬಿಳಿಯ ಗಸಿಯಾಗಿ ತಳಕ್ಕೆ ಕೂರುತ್ತದೆ. ಆಮೇಲೆ ಅದು ನೀರಿನಲ್ಲಿ ಕರಗದು, ಎರಡೂ ವ್ಯರ್ಥ. ಕ್ಯಾಲ್ಸಿಯಂ ನೈಟ್ರೇಟಿನ ಗಟ್ಟಿ ದ್ರಾವಣಕ್ಕೆ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಹಾಕಿದರೆ ಜಿಪ್ಸಂ ಗಸಿ ಬರುತ್ತದೆ. ಅವುಗಳನ್ನು ಬೇರೆ ಬಾಟಲಿ, ಬೇರೆ ವಾರ ಎಂದು ಇಟ್ಟುಕೊಳ್ಳಿ.

ಕಡಲಿಗೆ ಅಥವಾ ಹೊಳೆಯ ಅಳಿವೆಗೆ ಸಮೀಪವಿರುವ ಬಾವಿಗಳ ನೀರು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುವುದುಂಟು. ಅಂಥ ನೀರನ್ನೇ ಬಳಸುವವರು ಆ ಎರಡು ತಿಂಗಳು ಪ್ರಮಾಣವನ್ನು ಇನ್ನೂ ಅರ್ಧಕ್ಕಿಳಿಸಬೇಕು.

ಕಾರ್ಕಳದ ಅಡಿಕೆ ತೋಟ

ಚಟ್ಟಿಯ ವಿಷಯ ನನಗೆ ಹೆಚ್ಚು ತಿಳಿಯದು, ನೆಲದ ಗಿಡಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇದನ್ನು ಓದಿ ಯಾರಾದರೂ ತೋಟಕ್ಕೂ ಇದೇ ಪುಡಿಯನ್ನು ಚೀಲಗಟ್ಟಲೆ ತರಬಾರದು. ನೆಲದ ಬೆಳೆಗೆ ಬಿಡಿ ಗೊಬ್ಬರಗಳೇ ಅಗ್ಗ, ಲೆಕ್ಕವೂ ಸರಳ. ಫಸಲಿಗೆ ಬಂದ ಅಡಿಕೆ ಮರಕ್ಕೆ ವರ್ಷಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ 100:40:140 ಗ್ರಾಂ ಎಂದು ಶಿಫಾರಸು ಇದೆ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಇರುವುದರಿಂದ 100 ಗ್ರಾಂ ಬೇಕಾದರೆ ನೂರನ್ನು 0.46ರಿಂದ ಭಾಗಿಸಬೇಕು, 217 ಗ್ರಾಂ ಬರುತ್ತದೆ. ನೂರಕ್ಕೆ 20ರ ಶಿಲಾರಂಜಕವಾದರೆ 200 ಗ್ರಾಂ, ನೂರಕ್ಕೆ 60ರ ಮ್ಯೂರಿಯೇಟ್ ಆಫ್ ಪೊಟ್ಯಾಷ್ 233 ಗ್ರಾಂ. ಇದನ್ನು ಮೇ-ಜೂನ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಎಂದು ಎರಡು ಕಂತುಗಳಲ್ಲಿ ಕೊಡುತ್ತೇವೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಕೊಟ್ಟ ಯೂರಿಯಾ ಗಿಡಕ್ಕಿಂತ ಮೊದಲು ತೋಡು ಸೇರುತ್ತದೆ. ತಾರಸಿಯ ಚಟ್ಟಿಗೂ ಈ ಮಾತು ಅನ್ವಯಿಸುತ್ತದೆ.

ನಮ್ಮ ಮುರಕಲ್ಲಿನ ಮಣ್ಣು ಹುಳಿ, ಸುಣ್ಣ ಬೇಡುತ್ತದೆ. ಆದರೆ ಸುಣ್ಣವನ್ನು ಗೊಬ್ಬರದ ಜೊತೆಗೆ ಬೆರೆಸಿ ಹಾಕಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಮೂಗಿಗೇ ತಿಳಿಯುತ್ತದೆ. ಎರಡರ ನಡುವೆ ಎರಡು ಮೂರು ವಾರವಾದರೂ ಅಂತರವಿರಲಿ. ಎಷ್ಟು ಸುಣ್ಣ ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸದೆ ನಿರ್ಧರಿಸಬೇಡಿ. ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ.

ತಾರಸಿ ಮಲ್ಲಿಗೆ, ಉಡುಪಿ

ಮೂವರಿಗೂ ಕೃತಜ್ಞತೆಗಳು. ಪೊಟ್ಟಣದಲ್ಲಿ ಸಿಂಪರಣೆ ಎಂದೇ ಇತ್ತು, ಮಡಿಕೆಯ ಒಳಗೆ ಅಡಗಿತ್ತು. ಚಮಚವನ್ನೂ ತೂಗಿದೆ. ಮಟ್ಟಸ ಮಾಡಿದ ಹತ್ತು ಚಮಚ 54 ಗ್ರಾಂ. ನಾನು ಎಂದಿನಂತೆ ತುಂಬುವ ಹತ್ತು ಚಮಚ 92 ಗ್ರಾಂ. ಅಂದರೆ ಮೂರು ವಾರಗಳಲ್ಲಿ ಒಂದೊಂದು ಚಟ್ಟಿಗೆ ಹತ್ತಿರಹತ್ತಿರ 28 ಗ್ರಾಂ ಸುರಿದಿದ್ದೇನೆ. ಅಧ್ಯಾಪಕರ ಲೆಕ್ಕದಂತೆ ವಾರಕ್ಕೆ ಅರ್ಧ ಗ್ರಾಂ ಆದರೆ, ಅದು ಒಂದು ವರ್ಷಕ್ಕೂ ಮಿಕ್ಕಿದ ಊಟ. ಚಟ್ಟಿಗಳನ್ನು ತೊಳೆದು ಹದಿನೆಂಟು ದಿನಗಳಾದವು. ನಾಲ್ಕು ಗಿಡಗಳಲ್ಲಿ ಶುಭ್ರವಾದ ಚಿಗುರು ಬಂದಿದೆ, ಎರಡು ಇನ್ನೂ ಮೌನವಾಗಿವೆ.

ಒಂದು ಸಂದೇಹ ಉಳಿದಿದೆ. ಪೊಟ್ಟಣ ಕಳೆದ ಮಳೆಗಾಲದಲ್ಲಿ ತಂದದ್ದು, ಬಾಯಿ ತೆರೆದೇ ಇದ್ದುದರಿಂದ ತಳದಲ್ಲಿ ಪುಡಿ ಹೆಂಟೆ ಕಟ್ಟಿದೆ. ಅದನ್ನು ತೂಗಿದರೆ ನೀರಿನ ತೂಕವೂ ಸೇರುವುದಿಲ್ಲವೇ? ಎಸೆಯಬೇಕೇ?

ಸುರತ್ಕಲ್ಲಿನ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ಎಸೆಯಬೇಡಿ. ನೀರಿನ ತೂಕ ಸೇರುವುದು ನಿಜ, ಆದರೆ ನೂರು ಗ್ರಾಮಿನಲ್ಲಿ ನಾಲ್ಕೈದು ಗ್ರಾಂ ನೀರಿದ್ದರೂ ದ್ರಾವಣ ಅಷ್ಟೇ ತೆಳುವಾಗುತ್ತದೆ. ಮಲ್ಲಿಗೆಗೆ ಅದರ ಅರಿವೂ ಆಗದು. ತುಂಬಿದ ಚಮಚ ನಿಮ್ಮನ್ನು ದಾರಿ ತಪ್ಪಿಸಿದ್ದರ ಮುಂದೆ ಇದು ಲೆಕ್ಕಕ್ಕಿಲ್ಲ. ಆದರೆ ಹೆಂಟೆಯನ್ನು ಚಮಚದಲ್ಲಿ ಅಳೆಯಬಾರದು, ಏಕೆಂದರೆ ನೀವು ಕಂಡುಕೊಂಡ 5.4 ಗ್ರಾಂ ಎಂಬುದು ಸಡಿಲ ಪುಡಿಗೆ ಮಾತ್ರ ಸಲ್ಲುತ್ತದೆ. ಹೆಂಟೆಯನ್ನು ಮೊದಲು ತೂಗಿ, ಗಟ್ಟಿ ದ್ರಾವಣಕ್ಕೆ ಅದನ್ನೇ ಬಳಸಿ ಮುಗಿಸಿ. ಉಳಿದ ಸಡಿಲ ಪುಡಿಯನ್ನು ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಮಳೆ ಹಿಡಿಯುವ ಮೊದಲೇ ತುಂಬಿಸಿಡಿ. ತಗಡಿನ ಡಬ್ಬ ಬೇಡ, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಮೌನವಾಗಿರುವ ಎರಡು ಗಿಡಗಳಿಗೆ ಚಿಗುರು ಕಾಣುವವರೆಗೆ ಬರಿಯ ನೀರನ್ನೇ ಕೊಡಿ. ಉಳಿದ ನಾಲ್ಕಕ್ಕೆ ಇನ್ನು ಹತ್ತು ದಿನ ಕಳೆದು ಲೀಟರಿಗೆ ಅರ್ಧ ಗ್ರಾಮಿನಿಂದ ಆರಂಭಿಸಬಹುದು.