ಮುದ್ದೆ ಕೋಲು ಮತ್ತು ಕಂಪ್ರೆಸರ್

ಫೀನಿಕ್ಸ್‌ನ ಜುಲೈ ಎಂಥದು ಅಂತ ಮಂಡ್ಯದವರಿಗೆ ಫೋನಿನಲ್ಲಿ ಹೇಳಿ ಹೇಳಿ ಸೋತಿದ್ದೇನೆ. "ರಾಯಚೂರಲ್ಲೂ ಬಿಸಿಲೇ ಕಣಪ್ಪ" ಅಂದು ಮುಗಿಸಿಬಿಡುತ್ತಾರೆ. 2023ರಲ್ಲಿ ಇಲ್ಲಿ ಸತತ 31 ದಿನ ಹಗಲಿನ ಬಿಸಿ 43 ಡಿಗ್ರಿ ದಾಟಿತ್ತು. ಅಂಥ ಊರಿನಲ್ಲಿ ನಾನು 1992ರ ಸ್ಪೋರ್ಟ್ಸ್ ಕಾರು ಕೊಂಡೆ. ಅದೂ ಕಪ್ಪು ಬಣ್ಣದ್ದು. ಎರಡೇ ಸೀಟು. ಸ್ವಿಚ್ ಒತ್ತಿದರೆ ಕಪ್ಪೆ ಕಣ್ಣಿನ ಹಾಗೆ ಮೇಲೇಳುವ ದೀಪಗಳು.

ಮಾರಿದವನು ಹೇಳಿದ್ದು ಒಂದೇ ಮಾತು. ಏಸಿ ಚೆನ್ನಾಗಿದೆ, ಸ್ವಲ್ಪ ಗ್ಯಾಸ್ ಹಾಕಿಸಿಕೊಳ್ಳಿ ಅಷ್ಟೆ. ಹುಡುಗಿ ಕಡೆಯವರಿಗೆ "ಹುಡುಗನಿಗೆ ಒಂಚೂರು ಸಿಟ್ಟು ಅಷ್ಟೆ" ಅನ್ನುತ್ತಾರಲ್ಲ, ಆ ಥರದ ಅಷ್ಟೆ.

ಸ್ವಲ್ಪ ಹೊತ್ತು ಓಡಿಸಿದರೆ ಏಸಿಯಿಂದ ಬಿಸಿ ಗಾಳಿ ಬರುತ್ತಿತ್ತು. ಅದನ್ನು ನೋಡೋಕೆ ಶನಿವಾರ ಬೆಳಿಗ್ಗೆ ಗೆಳೆಯರಾದ ಪಾಟೀಲ, ಶೆಟ್ಟಿ ಇಬ್ಬರೂ ಗ್ಯಾರೇಜಿಗೆ ಬಂದರು. ಪಾಟೀಲ ಹುಬ್ಬಳ್ಳಿಯವನು. ಶೆಟ್ಟಿ ಕುಂದಾಪುರದವನು, ಬಿಳಿ ಅಂಗಿ ಹಾಕಿಕೊಂಡೇ ಬಂದಿದ್ದ. ಬಾನೆಟ್ ಎತ್ತುವ ಮೊದಲೇ ಪಾಟೀಲ ತೀರ್ಪು ಕೊಟ್ಟ.

"ಗ್ಯಾಸ್ ಹೋಗೇತಿ. ಹಾಕ್ಸು."

"ಗ್ಯಾಸ್ ಏನು ಪೆಟ್ರೋಲಾ ಮಾರಾಯ, ಖರ್ಚಾಗ್ಲಿಕ್ಕೆ?" ಅಂದ ಶೆಟ್ಟಿ. "ಒಳಗೇ ಸುತ್ತುವ ಗ್ಯಾಸ್ ಅದು. ಕಮ್ಮಿ ಆದ್ರೆ ಎಲ್ಲೋ ಸೋರಿದೆ ಅಂತ ಲೆಕ್ಕ. ತೂತು ಮುಚ್ಚದೆ ತುಂಬಿಸಿದ್ರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ."

"ಹಂಗಾರ ತೂತು ಹುಡುಕು."

"ಮೊದ್ಲು ಕಮ್ಮಿ ಆಗಿದೆಯಾ ನೋಡ್ಬೇಕಲ್ಲ."

ನಡುವೆ ನನ್ನದೂ ಒಂದು ಪುರಾಣ ಆಯಿತು. ಈ ಕಾರು ಹುಟ್ಟಿದಾಗ ಒಳಗಿದ್ದದ್ದು ಆರ್-12 ಗ್ಯಾಸ್. ಅದು ಓಜೋನ್ ಪದರ ತಿನ್ನುತ್ತದೆ ಅಂತ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. 1995ರ ಕೊನೆಗೆ ಅಮೆರಿಕದಲ್ಲಿ ಅದನ್ನು ತಯಾರಿಸುವುದೇ ನಿಂತಿತು. ಹಾಗಾಗಿ ನನ್ನ ಹಿಂದಿನ ಯಾರೋ ಪುಣ್ಯಾತ್ಮರು ಆರ್-134ಎ ಅನ್ನುವ ಬೇರೆ ಗ್ಯಾಸಿಗೆ ಬದಲಾಯಿಸಿದ್ದರು. ಎಣ್ಣೆಯನ್ನೂ ಬದಲಾಯಿಸಿದ್ದರು. ಹಳೆ ಎಣ್ಣೆ ಹೊಸ ಗ್ಯಾಸಿನ ಜೊತೆ ಬೆರೆತು ಓಡಾಡುವುದಿಲ್ಲ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಒಣಗಿ ಸಾಯುತ್ತದೆ.

"ಮನಿಗೆ ಹೊಸ ಸೊಸಿ ಬಂದ್ರ ಅಡಿಗಿ ಎಣ್ಣೀನೂ ಬದಲಾಗತೈತಿ" ಅಂದ ಪಾಟೀಲ. ಅವನ ಮನೆಯ ವಿಷಯ, ನಾವು ಕೆದಕಲಿಲ್ಲ.

ಗ್ಯಾಸಿನ ಒತ್ತಡ ಅಳೆಯುವ ಗೇಜು ಹಚ್ಚಿ ನೋಡಿದೆವು. ಎಂಜಿನ್ ಆಫ್, ಗ್ಯಾರೇಜಿನಲ್ಲಿ 40 ಡಿಗ್ರಿ, ಮುಳ್ಳು 130 ಪಿಎಸ್‌ಐ ಹತ್ತಿರ. ಆ ಬಿಸಿಗೆ ಆರ್-134ಎ ತೋರಿಸಬೇಕಾದದ್ದೇ ಅಷ್ಟು. ಒಳಗೆ ಎಷ್ಟಿದೆ ಅಂತ ಇದರಿಂದ ಗೊತ್ತಾಗುವುದಿಲ್ಲ, ಪೂರ್ತಿ ಖಾಲಿಯಾಗಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಪಾಟೀಲನ ಮುಖ ಸ್ವಲ್ಪ ಸಣ್ಣದಾಯಿತು.

ಇನ್ನು ಗಾಳಿ. ಶೆಟ್ಟಿ ಒಳಗೆ ಕೂತು ಫ್ಯಾನನ್ನು ನಾಲ್ಕಕ್ಕೆ ತಿರುಗಿಸಿದ. ಪುಸ್ ಅಂತ ಕಪ್ಪು ಮಳೆ. ಡ್ಯಾಶ್‌ಬೋರ್ಡಿನೊಳಗೆ ಬಿಸಿ ಗಾಳಿಗೆ, ತಣ್ಣನೆ ಗಾಳಿಗೆ ಚಿಕ್ಕ ಚಿಕ್ಕ ಬಾಗಿಲುಗಳಿರುತ್ತವೆ. ಅವುಗಳ ಅಂಚಿಗೆ ಅಂಟಿಸಿದ ಸ್ಪಂಜು ಮೂವತ್ತು ವರ್ಷದಲ್ಲಿ ಪುಡಿಯಾಗಿತ್ತು. ಅಷ್ಟೂ ಶೆಟ್ಟಿಯ ಬಿಳಿ ಅಂಗಿಯ ಮೇಲೆ ಬಂತು.

"ಎಂಥದಾ ಇದು! ಎಳ್ಳುಂಡೆ ಮಾಡ್ಲಿಕ್ಕೆ ಕೂರ್ಸಿದ್ದಾ ನನ್ನ?"

ಎಂಜಿನ್ ಶುರು ಮಾಡಿದೆ. ಕಂಪ್ರೆಸರ್ ಟಕ್ ಅಂದಿತು. ಒಳಗೆ ತಣ್ಣನೆ ಗಾಳಿ. ಡಾಕ್ಟರ ಎದುರು ಮಗು ಕೆಮ್ಮುವುದೇ ಇಲ್ಲವಲ್ಲ, ಥೇಟ್ ಅದೇ. ಇಬ್ಬರೂ ನನ್ನನ್ನು ನೋಡಿದರು, ಇವನು ಟೀ ಕುಡಿಸೋಕೆ ನೆಪ ಮಾಡಿ ಕರೆದಿದ್ದಾನೆ ಅನ್ನುವ ಹಾಗೆ. "ಇಪ್ಪತ್ತು ನಿಮಿಷ ತಡೀರಿ" ಅಂದೆ.

ತಡೆದರು. ಈ ಸಂದಿನಲ್ಲಿ ಪ್ಯಾಕಾರ್ಡ್ ಕಥೆ ಹೇಳಿದೆ. ಕಾರ್ಖಾನೆಯಿಂದಲೇ ಏಸಿ ಹಾಕಿಸಿಕೊಂಡು ಬಂದ ಮೊದಲ ಕಾರು ಅದು, 1940ರ ಮಾಡೆಲ್. ತಣ್ಣಗೆ ಮಾಡುವ ಪೆಟ್ಟಿಗೆ ಡಿಕ್ಕಿಯಲ್ಲೇ ಅರ್ಧ ಜಾಗ ತಿನ್ನುತ್ತಿತ್ತು. ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಸೇರಿಸಿ ಬಿಡಿಸುವ ಕ್ಲಚ್ ಇರಲಿಲ್ಲ. ಏಸಿ ಬೇಡ ಅನ್ನಿಸಿದರೆ ಕಾರು ನಿಲ್ಲಿಸಿ, ಬಾನೆಟ್ ತೆಗೆದು, ಕೈಯಾರೆ ಬೆಲ್ಟ್ ಬಿಚ್ಚಬೇಕಿತ್ತು.

"ಚಳಿ ಆದ್ರ ಬೆಲ್ಟ್ ಬಿಚ್ಚೂದಾ?" ಪಾಟೀಲ ತನ್ನ ಸೊಂಟ ಮುಟ್ಟಿ ನೋಡಿಕೊಂಡ.

ಅಷ್ಟರಲ್ಲಿ ಗಾಳಿ ಬಿಸಿಯಾಯಿತು. ಓಡಿಹೋಗಿ ನೋಡಿದರೆ ಬೆಲ್ಟ್ ತಿರುಗುತ್ತಿದೆ, ಪುಲ್ಲಿ ತಿರುಗುತ್ತಿದೆ, ಅದರ ಮುಂದಿನ ತಟ್ಟೆ ಮಾತ್ರ ಗಪ್‌ಚಿಪ್. ಕ್ಲಚ್ ಹಿಡಿದಿಲ್ಲ.

ಶೆಟ್ಟಿ ಫ್ಯೂಸ್ ನೋಡಿದ, ಸರಿ ಇತ್ತು. ಏಸಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ರಿಲೇ ತೆಗೆದು ಹಾರ್ನಿಗೆ, ಹಾರ್ನಿನದನ್ನು ಏಸಿಗೆ ಹಾಕಿದ. ಏಸಿ ಸರಿ ಹೋಗಲಿಲ್ಲ, ಹಾರ್ನ್ ಚೆನ್ನಾಗೇ ಹೊಡೆಯಿತು. ಅಂದರೆ ಎರಡೂ ರಿಲೇ ಸರಿ ಇವೆ. ಕೊನೆಗೆ ಕ್ಲಚ್ಚಿನ ವೈರಿಗೆ ಮೀಟರ್ ಹಿಡಿದೆವು. 12 ವೋಲ್ಟ್ ಜಾಸ್ತಿಯೇ ಬರುತ್ತಿತ್ತು. ಎಲೆ ಹಾಕಿ ಬಡಿಸಿದ್ದಾರೆ, ಗಂಡಿಗೆ ಮಾತ್ರ ಕೈ ಎಟುಕುತ್ತಿಲ್ಲ.

"ಕಂಪ್ರೆಸರೇ ಹೋಗಿದೆ, ಹೊಸದು ಹಾಕು" ಅಂದ ಶೆಟ್ಟಿ. ಒಂದು ಅಂಗಡಿಯವರೂ ನನಗೆ ಅದನ್ನೇ ಹೇಳಿ ಸಾವಿರದ ನಾನೂರು ಡಾಲರ್ ಅಂದಿದ್ದರು.

"ಒಂದ್ ಏಟ್ ಕೊಡ್ರಿ ಅದಕ್ಕ" ಅಂದ ಪಾಟೀಲ. "ನಮ್ಮನಿ ಟಿವಿಗೆ ಹಂಗ ಮಾಡ್ತಿದ್ವಿ."

ನಾವು ನಕ್ಕೆವು. ಅವನು ನಗಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ನನ್ನ ಹೆಂಡತಿಗೆ "ವೈನಿ, ಒಂದ್ ಉದ್ದನ ಕೋಲ್ ಕೊಡ್ರಿ" ಅಂದ. ಮಂಡ್ಯದಿಂದ ಸೂಟ್‌ಕೇಸಿನಲ್ಲಿ ಬಂದಿದ್ದ ಮುದ್ದೆ ಕೋಲು ಹಿಡಿದುಕೊಂಡು ವಾಪಸ್ ಬಂದ. ಬೆಲ್ಟಿನ ಹತ್ತಿರ ಕೈ ಹಾಕಬೇಡ ಅಂತ ನಾವು ಕೂಗುತ್ತಿದ್ದ ಹಾಗೆಯೇ, ದೂರ ನಿಂತು ಆ ತಟ್ಟೆಯನ್ನು ಕೋಲಿನ ತುದಿಯಿಂದ ಮೆಲ್ಲಗೆ ದೂಡಿದ.

ಟಕ್!

ತಟ್ಟೆ ತಿರುಗತೊಡಗಿತು. ಒಳಗೆ ತಣ್ಣನೆ ಗಾಳಿ. ಶೆಟ್ಟಿ ಎರಡು ನಿಮಿಷ ಮಾತಾಡಲಿಲ್ಲ. ಅವನ ಮಟ್ಟಿಗೆ ಅದು ದಾಖಲೆ.

ಆಮೇಲೆ ತಿಳಿಯಿತು, ಪಾಟೀಲನ ಮಂತ್ರಕ್ಕೂ ಅರ್ಥ ಇದೆ ಅಂತ. ಆ ತಟ್ಟೆಗೂ ಪುಲ್ಲಿಗೂ ನಡುವೆ ಅರ್ಧ ಮಿಲಿಮೀಟರ್ ಸಂದು ಇರಬೇಕು. ಕರೆಂಟ್ ಬಂದಾಗ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಆಯಸ್ಕಾಂತವಾಗಿ ತಟ್ಟೆಯನ್ನು ಸೆಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ತಟ್ಟೆ ಸವೆದು ಸಂದು ದೊಡ್ಡದಾಗುತ್ತದೆ. ತಣ್ಣಗಿದ್ದಾಗ ಕಾಯಿಲ್ ಹೇಗೋ ಎಳೆದುಕೊಳ್ಳುತ್ತದೆ. ಬಿಸಿಯಾದರೆ ಅದರೊಳಗೆ ಕರೆಂಟ್ ಕಮ್ಮಿ ಹರಿದು ಸೆಳೆತ ಸೋಲುತ್ತದೆ. ಕೋಲಿನ ಏಟು ಆ ಕೊನೆಯ ಗೆರೆ ದಾಟಿಸಿತ್ತು ಅಷ್ಟೆ.

ಎಂಜಿನ್ ಆರಿಸಿ, ಊಟ ಮುಗಿಸಿ, ಎಲ್ಲ ತಣ್ಣಗಾದ ಮೇಲೆ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿದೆವು. ಒಂದು ಮಿಲಿಮೀಟರ್! ನಡುವಿನ ಬೋಲ್ಟ್ ಬಿಚ್ಚಿ ತಟ್ಟೆ ತೆಗೆದರೆ, ಹಿಂದೆ ತೆಳು ವಾಷರುಗಳು. ಶಿಮ್ ಅಂತಾರೆ. ಒಂದನ್ನು ತೆಗೆದು ಮತ್ತೆ ಜೋಡಿಸಿದೆವು. ಸಂದು ಅರ್ಧಕ್ಕೆ ಬಂತು. ಖರ್ಚು ಸೊನ್ನೆ. ಉಳಿದ ಶಿಮ್ಮನ್ನು ಪಾಟೀಲ ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡ.

ಸಂಜೆ ಪರೀಕ್ಷೆಗೆ ಹೊರಡಬೇಕು. ಇರುವುದೇ ಎರಡು ಸೀಟು.

"ಕೋಲ್ ಹಿಡಿದಾಂವ ನಾನು" ಅಂದ ಪಾಟೀಲ.

"ಎಳ್ಳು ಹೊದ್ದವ ನಾನು" ಅಂದ ಶೆಟ್ಟಿ.

ಪಾಟೀಲನೇ ಗೆದ್ದ. ಮುಕ್ಕಾಲು ಗಂಟೆ ಸುತ್ತಿದೆವು. ಹೊರಗೆ 41, ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದ ಅಡುಗೆಮನೆಯ ಥರ್ಮಾಮೀಟರಿನಲ್ಲಿ 11. ಒಮ್ಮೆಯೂ ನಿಲ್ಲಲಿಲ್ಲ. ಪಾಟೀಲ ಕಾಲರ್ ಎತ್ತಿಕೊಂಡು, ತನಗೆ ಚಳಿ ಅಂತ ಎರಡು ಸಲ ಸುಮ್ನೆ ಹೇಳಿದ.

ಕತ್ತಲಾಗುತ್ತಾ ಬಂತು. ದೀಪದ ಸ್ವಿಚ್ ಒತ್ತಿದೆ. ಬಲಗಣ್ಣು ಎದ್ದಿತು. ಎಡಗಣ್ಣು ಏಳಲಿಲ್ಲ.

ಪಾಟೀಲ ಒಂದೂ ಮಾತಾಡದೆ ಸೀಟಿನ ಹಿಂದೆ ಕೈ ಹಾಕಿ ತಡಕಾಡಿದ.

"ಏನು ಹುಡುಕ್ತಿದ್ದೀಯೋ?"

"ಕೋಲ್ ತಂದಿಲ್ಲೇನು?"

"ಅವಳು ಕಿತ್ಕೊಂಡ್ಳು. ಅದರ ತುದಿಗೆ ಗ್ರೀಸ್ ಮೆತ್ತಿದೆ ಅಂತ ಈಗ ಶೆಟ್ಟಿ ಕೈಲಿ ಸೋಪು ಹಾಕಿ ತೊಳೆಸ್ತಿದ್ದಾಳೆ."