ಬಾಬಾನ ಲೀವ್ ಅಕೌಂಟು

"ಹರಿಯಾಣದ ರೋಹ್ತಕ್ಕಿನ ಸುನಾರಿಯಾ ಜೈಲಲ್ಲಿ ನಮ್ಮಂಥೋರಿಗೆ ಏನಾದ್ರೂ ಪೋಸ್ಟ್ ಕರೀತಾರೇನ್ರಪ್ಪಾ? ವರ್ಷಕ್ಕೆ 91 ದಿನ ರಜಾ ಕೊಡ್ತಾರಂತೆ!" ಅಂತ ಶಾಮಣ್ಣ ಪೇಪರನ್ನ ಮಡಚಿ ಬೋಂಡದ ತಟ್ಟೆ ಕೆಳಗೆ ತಳ್ಳಿದರು. "ನಮಗೆ ಇಎಲ್ಲು, ಅಂದ್ರೆ ಗಳಿಕೆ ರಜಾ, ಇದ್ದಿದ್ದೇ 30. ಅದಕ್ಕೂ ಸಾಹೇಬ್ರು ಮುಖ ಸಿಂಡರಿಸೋರು."

"ಅದು ಸಿಬ್ಬಂದಿಗಲ್ಲ ಶಾಮಣ್ಣಾ, ಕೈದಿಗೆ," ಅಂದ ನಾಣಿ.

"ಕೈದಿಗೆಲ್ಲಾ ಅಷ್ಟು ರಜಾನಾ?"

"ಕಾಯ್ದೆಯಲ್ಲಿ ಅರ್ಹ ಕೈದಿಗಳಿಗೆಲ್ಲಾ ಇದೆ. ಹಿಂದೆ ಓಟಿರೋರಿಗೆ ಬೇಗ ಮಂಜೂರಾಗುತ್ತೆ."

ಸೀನ ಬೋಂಡ ಬಿಟ್ಟು ಹತ್ತಿರ ಸರಿದ. ಸಿರ್ಸಾದ ಡೇರಾ ಸಚ್ಚಾ ಸೌದಾ ಪಂಥದ ಗುರು, ಆ ಜೈಲಿನ ಕೈದಿ ಗುರ್ಮೀತ್ ರಾಮ್ ರಹೀಮ್ ಬಾಬಾನ ವಿಷಯ ಬಂದರೆ ಅವನಿಗೆ ಹೊಟ್ಟೆ ಹಸಿಯೋದಿಲ್ಲ. "ಲೆಕ್ಕ ಹೇಳು ನೋಡೋಣ."

"ಹರಿಯಾಣದ 2022ರ ಸನ್ನಡತೆ ಕೈದಿಗಳ ಕಾಯ್ದೆ. ವರ್ಷಕ್ಕೆ ಪೆರೋಲು 10 ವಾರ, ಎರಡು ಕಂತಲ್ಲಿ ತಗೋಬಹುದು. ಫರ್ಲೋ 3 ವಾರ. 70ಕ್ಕೆ 21 ಸೇರಿಸು. ಬಾಬಾ 2023ರಲ್ಲಿ ತಗೊಂಡಿದ್ದು 40, 30, 21 ದಿನ. 2024ರಲ್ಲಿ 50, 21, 20. 2025ರಲ್ಲಿ 30, 21, 40."

ಶಾಮಣ್ಣ ಬೆರಳು ಮಡಚಿ ಮಡಚಿ ಕೂಡಿದರು. ಮೂರು ಸಲವೂ 91. ಅವರ ಮುಖದಲ್ಲಿ ಭಕ್ತಿಯೇ ಮೂಡಿತು. "ಒಂದು ದಿನಾನೂ ಲ್ಯಾಪ್ಸ್ ಮಾಡಿಲ್ಲವಲ್ಲೋ! ನಮ್ಮ ತಾಲ್ಲೂಕು ಆಫೀಸಲ್ಲಿ ಇಷ್ಟು ಚೊಕ್ಕ ಲೀವ್ ರಿಜಿಸ್ಟರು ನಾನು ಕಂಡಿಲ್ಲ. ಎರಡಕ್ಕೂ ವ್ಯತ್ಯಾಸ ಏನು?"

"ಪೆರೋಲು ವೇತನರಹಿತ ರಜಾ ಇದ್ದಹಾಗೆ, ಆ ದಿನಗಳು ಶಿಕ್ಷೆಗೆ ವಜಾ ಆಗಲ್ಲ. ಫರ್ಲೋ ಸಂಬಳದ ರಜಾ, ಹೊರಗಿದ್ರೂ ಶಿಕ್ಷೆ ಕಳೀತಿರುತ್ತೆ."

"ಕಾನೂನು ಪ್ರಕಾರ ಕೊಟ್ಟ ಮೇಲೆ ನಿನ್ನ ತಕರಾರು ಏನಯ್ಯಾ?" ಅಂದ ಸೀನ.

"ರಜಾ ಬಗ್ಗೆ ತಕರಾರಿಲ್ಲ ಕಣೋ, ರಜಾ ಚೀಟಿಯ ತಾರೀಕು ನೋಡು. 2022ರ ಫೆಬ್ರವರಿ 7ಕ್ಕೆ ಹೊರಗೆ, 20ಕ್ಕೆ ಪಂಜಾಬ್ ಮತದಾನ. ಅಕ್ಟೋಬರಲ್ಲಿ 40 ದಿನ, ನವೆಂಬರ್ 3ಕ್ಕೆ ಹರಿಯಾಣದ ಆದಂಪುರ ಉಪಚುನಾವಣೆ. 2024ರ ಅಕ್ಟೋಬರ್ 2ಕ್ಕೆ ಹೊರಗೆ, 5ಕ್ಕೆ ಹರಿಯಾಣ. 2025ರ ಜನವರಿ 28ಕ್ಕೆ ಹೊರಗೆ, ಫೆಬ್ರವರಿ 5ಕ್ಕೆ ದೆಹಲಿ. ನಮ್ಮ ಪಂಚಾಂಗದಲ್ಲಿ ಗ್ರಹಣಾನೂ ಇಷ್ಟು ಕರಾರುವಾಕ್ಕಾಗಿ ಬರಲ್ಲ."

"2025ರ ಆಗಸ್ಟಲ್ಲೂ ಬಿಟ್ರಲ್ಲ, ಆಗ ಎಲೆಕ್ಷನ್ ಇರಲಿಲ್ಲವಲ್ಲ?"

"ಆಗಸ್ಟ್ 15 ಬಾಬಾನ ಹುಟ್ಟುಹಬ್ಬ. ಅದು ಆರ್‌ಎಚ್, ನಿರ್ಬಂಧಿತ ರಜಾ, ಅಂತ ಇಟ್ಕೋ."

ಅಭ್ಯರ್ಥಿಗಳಿಗೆ ಇದರಿಂದ ಏನು ಗಿಟ್ಟುತ್ತೆ ಅನ್ನೋದು ಶಾಮಣ್ಣನ ಅನುಮಾನ. ನಾಣಿ ಕಾಫಿ ಲೋಟ ಪಕ್ಕಕ್ಕಿಟ್ಟು ವಿವರಿಸಿದ. ಟಿಕೆಟ್ ಸಿಕ್ಕ ಮೇಲೆ ಸಿರ್ಸಾಗೆ ಹೋಗಿ ಕೈ ಮುಗೀಬೇಕು. ಊರೂರಲ್ಲಿ ನಾಮ್ ಚರ್ಚಾ, ಅಂದ್ರೆ ಸತ್ಸಂಗ ಸಭೆ, ನಡೆಸೋ ಭಂಗೀದಾಸ್ ಅನ್ನೋ ಡೇರಾ ಸೇವಕರು ಇರ್ತಾರೆ, ಬಾಯಿಮಾತಿನ ಸೂಚನೆ ಅವರ ಮೂಲಕವೇ ಇಳೀಬೇಕು, ಅದೂ ಕೊನೆ ಗಳಿಗೆಯಲ್ಲಿ. ಮುಂಚೇನೇ ಹೇಳಿಬಿಟ್ರೆ ಡೇರಾ ಕಂಡರಾಗದವರೆಲ್ಲಾ ಎದುರು ಪಕ್ಷಕ್ಕೆ ಒಗ್ಗೂಡಿಬಿಡ್ತಾರೆ.

"ಹಂಗಾದ್ರೆ ಗೆಲುವು ಗ್ಯಾರಂಟಿ."

"ಎಲ್ಲಿ ಗ್ಯಾರಂಟಿ? ಹರಿಯಾಣದಲ್ಲಿ 2014ಕ್ಕೆ ಬಿಜೆಪಿ ಪರ ನಿಂತ್ರು, ಗೆದ್ದಿತು. ಪಂಜಾಬಲ್ಲಿ 2007ಕ್ಕೆ ಕಾಂಗ್ರೆಸ್ ಪರ, ಸರ್ಕಾರ ಹೋಯ್ತು. 2017ಕ್ಕೆ ಅಕಾಲಿಗಳ ಪರ, 117ರಲ್ಲಿ 15 ಬಂತು. ಇದು ಸಾಲದು ಅಂತ ಡೇರಾಗೆ ಓಟು ಕೇಳೋಕೆ ಹೋಗಿದ್ದ ಸಿಖ್ ನಾಯಕರನ್ನ ಸಿಖ್ಖರ ಪರಮೋಚ್ಚ ಧರ್ಮಪೀಠ ಅಕಾಲ್ ತಖ್ತ್ ಕರೆಸಿ ತನ್ಖಾ, ಅಂದ್ರೆ ಧಾರ್ಮಿಕ ಶಿಕ್ಷೆ, ಹಾಕ್ತು. ಗುರುದ್ವಾರದಲ್ಲಿ ಪಾತ್ರೆ ತೊಳಿ, ಭಕ್ತರ ಜೋಡು ಒರೆಸು. ಎಲೆಕ್ಷನ್ನಲ್ಲಿ ಸೋತು ಇಲ್ಲಿ ಜೋಡು ಒರೆಸೋ ಯೋಗ ಯಾರಿಗಿರುತ್ತೆ ಹೇಳು!"

"ಆದ್ರೂ ಹೋಗ್ತಾರಲ್ಲ!"

"ಬಾಬಾ ಗೆಲ್ಲಿಸ್ತಾನೆ ಅಂತ ಹೋಗಲ್ಲ ಶಾಮಣ್ಣಾ. ತಾನು ಹೋಗದೆ ಎದುರಾಳಿ ಹೋಗಿಬಿಟ್ರೆ ಅನ್ನೋ ದಿಗಿಲಿಗೆ ಹೋಗ್ತಾರೆ. 2024ರಲ್ಲಿ ನೀತಿಸಂಹಿತೆ ಜಾರಿಯಲ್ಲಿದ್ದಾಗ ಹರಿಯಾಣಕ್ಕೆ ಕಾಲಿಡಬಾರದು, ಭಾಷಣ ಕೂಡದು, ರಾಜಕೀಯ ಕೂಡದು ಅಂತ ಷರತ್ತು ಹಾಕಿ ಬಿಟ್ರು. ಬಾಬಾ ಉತ್ತರಪ್ರದೇಶದ ಬಾಗ್‌ಪತ್ ಆಶ್ರಮದಲ್ಲಿ ಕೂತ. ಸುಮ್ಮನೆ ಕೂತಿದ್ದೇ ಸುದ್ದಿ. ಎರಡು ವರ್ಷ ಮುಂಚೆ ಅಲ್ಲಿಂದಲೇ ಆನ್‌ಲೈನ್ ಸತ್ಸಂಗ ಮಾಡಿದಾಗ ಕರ್ನಾಲ್ ಮೇಯರು ಪರದೆಗೇ ಕೈ ಮುಗಿದಿದ್ರು. ನಮ್ಮಲ್ಲಿ ನೆಟ್‌ವರ್ಕ್ ಹೋದಾಗ ಮಾತ್ರ ಮೊಬೈಲಿಗೆ ಕೈ ಮುಗೀತೀವಿ."

ಮೂವರೂ ನಕ್ಕರು. ಖಾಲಿ ಲೋಟ ಎತ್ತೋಕೆ ಬಂದ ಸರೋಜಮ್ಮ ನಗಲಿಲ್ಲ. "ಜೈಲಿಗೆ ಹಾಕಿದ್ದು ಯಾಕೆ, ಅದು ಹೇಳು ನಾಣಿ."

ನಾಣಿ ದನಿ ಇಳಿಸಿದ. "ಇಬ್ಬರು ಶಿಷ್ಯೆಯರ ಮೇಲಿನ ಅತ್ಯಾಚಾರಕ್ಕೆ ಅಮ್ಮಾ. 2017ರ ಆಗಸ್ಟಲ್ಲಿ 20 ವರ್ಷ ಶಿಕ್ಷೆ ಆಯ್ತು. ಶಿಷ್ಯೆಯೊಬ್ಬಳು ಬರೆದ ಹೆಸರಿಲ್ಲದ ಪತ್ರ ಪ್ರಧಾನಿಗೆ ಹೋಗಿದ್ದು 2002ರಲ್ಲಿ. ಸಿರ್ಸಾದಲ್ಲಿ 'ಪೂರಾ ಸಚ್' ಅಂತ ಪುಟ್ಟ ಪತ್ರಿಕೆ ನಡೆಸ್ತಿದ್ದ ರಾಮಚಂದರ್ ಛತ್ರಪತಿ ಆ ಪತ್ರ ಅಚ್ಚು ಹಾಕಿದ್ರು. ಅದೇ ಅಕ್ಟೋಬರಲ್ಲಿ ಅವರ ಮನೆ ಹತ್ತಿರವೇ ಗುಂಡು ಬಿತ್ತು. ನವೆಂಬರಲ್ಲಿ ಹೋಗಿಬಿಟ್ರು."

"ಪತ್ರ ಬರೆದ ಹುಡುಗಿಗೆ ಕಾಯೋಕೆ 15 ವರ್ಷ," ಅಂದರು ಸರೋಜಮ್ಮ. "ಮಧ್ಯದಲ್ಲಿ ಅವಳಿಗೆ ರಜಾ ಇತ್ತಾ?"

ಶಾಮಣ್ಣ ಪೇಪರನ್ನ ಬೋಂಡದ ತಟ್ಟೆ ಕೆಳಗಿಂದ ಎಳೆದು ಎಣ್ಣೆ ಕಲೆಯನ್ನ ಉಜ್ಜತೊಡಗಿದರು. ಮಾತು ಹೊರಳಿಸೋಕೆ ಸೀನನೇ ಕೇಳಿದ, "ಪಂಜಾಬ್ ವಿಧಾನಸಭೆ ಅವಧಿ ಮುಗಿಯೋದು ಯಾವಾಗ?"

"2027ರ ಮಾರ್ಚು."

"ಜನವರಿ 1ಕ್ಕೆ ಹೊಸ 91 ಜಮಾ ಆಗಿರುತ್ತೆ," ಅಂದರು ಶಾಮಣ್ಣ. ಈ ಸಲ ಬೆರಳು ಮಡಚಲಿಲ್ಲ.