ಸಹಾಯ ಬೇಕು: ವಿಆರ್ ಡಬ್ಬದಲ್ಲಿ ತಲೆ ತಿರುಗಿಸಿದರೂ ಚಿತ್ರ ತಿರುಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ಜೋರು ಸದ್ದು, ಜನಜಂಗುಳಿ ಅಂದರೆ ತುಂಬಾ ಹೆದರುತ್ತಾನೆ. ಆದರೆ ವಿಮಾನ ಅಂದ್ರೆ ಪ್ರಾಣ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ 1903ರ ವಿಮಾನದ ಪ್ರತಿಕೃತಿ ಇದೆಯಲ್ಲ, ಅದನ್ನು ನೋಡಬೇಕು ಅಂತ ಕಳೆದ ತಿಂಗಳು ಹೋಗಿದ್ದೆವು. ಒಳಗೆ ಅಲ್ಲಾಡುವ ಡೈನೋಸಾರ್ ಕಂಡದ್ದೇ ತಡ, ನನ್ನ ಸೆರಗು ಹಿಡಿದು ಅಳತೊಡಗಿದ. ವಿಮಾನ ನೋಡದೆಯೇ ವಾಪಸ್ ಬಂದೆವು.

ಜಾಗ ಮೊದಲೇ ಪರಿಚಯವಾದರೆ ಭಯ ಕಡಿಮೆಯಾಗಬಹುದು, ಅಲ್ವಾ? ಅದಕ್ಕೇ ನನ್ನ ತಮ್ಮ ಅಲ್ಲಿಗೆ ಹೋಗಿ ಸುತ್ತಲೂ ಕಾಣುವ 360 ಡಿಗ್ರಿ ಫೋಟೋ ತೆಗೆದುಕೊಂಡು ಬಂದ. ಎರಡು ಮಸೂರ ಇರುವ ರಟ್ಟಿನ ವಿಆರ್ ಡಬ್ಬವನ್ನೂ ತಂದೆವು; ಒಳಗೆ ಫೋನ್ ಇಟ್ಟು ಕಣ್ಣಿಗೆ ಹಿಡಿದರೆ ಆ ಜಾಗದಲ್ಲೇ ನಿಂತಂತೆ ಕಾಣುತ್ತದೆ.

ತೊಂದರೆ ಇಲ್ಲಿದೆ. ನನ್ನ ಫೋನ್ ಇಟ್ಟರೆ ಎರಡೂ ಕಣ್ಣಿಗೆ ಚಿತ್ರ ಬರುತ್ತದೆ. ಆದರೆ ತಲೆ ತಿರುಗಿಸಿದರೆ ಚಿತ್ರ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಹೊರತೆಗೆದು ಬೆರಳಲ್ಲಿ ಎಳೆದರೆ ಸರಿಯಾಗಿ ಸುತ್ತುತ್ತದೆ. ತಮ್ಮನ ಫೋನಿನಲ್ಲಿ ಅದೇ ಫೋಟೋ, ಅದೇ ಆ್ಯಪ್ ಚೆನ್ನಾಗಿ ನಡೆಯುತ್ತದೆ. ಅವನು ಊರಿಗೆ ಹೊರಟುಬಿಟ್ಟ.

ಫೋನ್ ಆಫ್ ಮಾಡಿ ಆನ್ ಮಾಡಿದೆ. ಆ್ಯಪ್ ತೆಗೆದು ಮತ್ತೆ ಹಾಕಿದೆ. ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ ದಿಕ್ಸೂಚಿಯನ್ನೂ ಸರಿಪಡಿಸಿದೆ. ಏನೂ ಆಗಲಿಲ್ಲ. ಅಂಗಡಿಯವರು ಫೋನಿನಲ್ಲಿ ಗೈರೊಸ್ಕೋಪ್ (ಫೋನ್ ತಿರುಗುವುದನ್ನು ಅಳೆಯುವ ಸೆನ್ಸರ್) ಇಲ್ಲ ಅಂದರು. ಆದರೆ ಫೋನ್ ಅಡ್ಡ ಹಿಡಿದರೆ ಪರದೆ ತಾನಾಗಿಯೇ ತಿರುಗುತ್ತದಲ್ಲ? ಅದಕ್ಕೆ ಬೇರೆ ಸೆನ್ಸರ್ ಇರುತ್ತದೆಯಾ?

ಗೈರೊಸ್ಕೋಪ್ ಇದೆಯೋ ಇಲ್ಲವೋ ಮನೆಯಲ್ಲೇ ನೋಡುವುದು ಹೇಗೆ? ಇಲ್ಲದಿದ್ದರೆ ಯಾವುದಾದರೂ ಆ್ಯಪ್‌ನಿಂದ ಸರಿಹೋಗುತ್ತದೆಯೇ, ಅಥವಾ ಫೋನ್ ಬದಲಾಯಿಸಲೇಬೇಕೇ?